ಆಚಾರಿ ಬರೆದುಕೊಡದ ಎರಡು ಸಾಲು

“ಇದು ಯಾವ ಮರ, ಭಟ್ರೆ?”

ಮಂಕಿಯ ಶಾಂತಾರಾಮ ಆಚಾರಿ ಹೊನ್ನಾವರದ ನಮ್ಮ ಮನೆಯ ಜಗುಲಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮುಂಬಯಿಯಿಂದ ಲಾರಿಯಲ್ಲಿ ಬಂದ ನನ್ನ ಹೊಸ ಪುಸ್ತಕದ ಕಪಾಟಿನ ಮುರಿದ ಮೂಲೆಯನ್ನು ಉಗುರಿನಿಂದ ಕೆರೆದು, ಉದುರಿದ ಹುಡಿಯನ್ನು ಮೂಸಿ ನೋಡಿ ಈ ಪ್ರಶ್ನೆ ಕೇಳಿದರು.

ನನಗೆ ಗೊತ್ತಿರಲಿಲ್ಲ. ಸಸ್ಯಗಳ ವರ್ಗೀಕರಣದ ಬಗ್ಗೆ ಎರಡು ದಪ್ಪ ಪುಸ್ತಕ ಓದಿ ಮುಗಿಸಿದವನು ನಾನು. ಸಿಕ್ಕಿದವರಿಗೆಲ್ಲ ಅದನ್ನು ವಿವರಿಸಿ, ಅವರು ದಾರಿ ಬದಲಿಸಿ ನಡೆಯುವಂತೆ ಮಾಡಿದವನು. ಕಪಾಟು ಮಾರಿದ ಕಂಪನಿಯ ವೆಬ್‌ಸೈಟಿನಲ್ಲಿ ‘ಎಂಜಿನಿಯರ್ಡ್ ವುಡ್’ ಎಂದು ಬರೆದಿತ್ತು. ಅದನ್ನೇ ಹೇಳಿದೆ. ಅದು ಯಾವ ಸೀಮೆಯಲ್ಲಿ ಬೆಳೆಯುತ್ತದೆ ಎಂದು ಕೇಳುವಷ್ಟು ನಿರ್ದಯಿ ಅವರಲ್ಲ. ಕೈಗೆ ಹತ್ತಿದ ಹುಡಿಯನ್ನು ಪಂಚೆಗೆ ಒರೆಸಿಕೊಂಡರು.

ಇದು ನಡೆದದ್ದು ೨೦೦೩ರ ಮಳೆಗಾಲದ ಕೊನೆಯಲ್ಲಿ. ಶಾಂತಾರಾಮ ಆಚಾರಿಗೆ ಆಗ ಅರವತ್ತರ ಆಸುಪಾಸು. ಸಣಕಲು ಮೈ, ಸ್ವಲ್ಪ ಮಂದವಾದ ಎಡಗಿವಿ, ಸಿಮೆಂಟ್ ಚೀಲದಲ್ಲಿ ಸುತ್ತಿದ ಉಳಿ ಮತ್ತು ಕೀಸುಳಿ. ಜೇಬಿನಲ್ಲಿ ಉಕ್ಕಿನ ಟೇಪು ಇರುತ್ತಿತ್ತು, ಆದರೆ ಅಳತೆಗೆ ತೆಗೆಯುತ್ತಿದ್ದದ್ದು ತೆಂಗಿನ ಗರಿಯ ಒಂದು ಕಡ್ಡಿಯನ್ನು. ಬೇಕಾದ ಉದ್ದಕ್ಕೆ ಉಗುರಿನಿಂದ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಕಡ್ಡಿ ಒಣಗಿದರೆ ಕುಗ್ಗುತ್ತದೆ, ಅಳತೆ ತಪ್ಪುತ್ತದೆ ಎಂದು ಒಮ್ಮೆ ನಾನು ವಿವರಿಸಿದ್ದೆ. ಹಲಗೆಯೂ ಕುಗ್ಗುತ್ತದೆ, ಎರಡೂ ಕೂಡಿಯೇ ಕುಗ್ಗಲಿ ಎಂದಿದ್ದರು. ಈ ವಾದದಲ್ಲಿ ಎಲ್ಲೋ ಒಂದು ದೋಷವಿದೆ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಎಲ್ಲಿ ಎಂದು ಹೇಳಲಾರೆ.

ಮಂಕಿಯ ಅರ್ಧದಷ್ಟು ತೊಟ್ಟಿಲುಗಳು, ಮದುವೆಯ ಮಣೆಗಳು, ಬಾಗಿಲುಗಳು ಅವರ ಕೈಯವು. ಕೆಲಸ ನೋಡಿ ಅವರು ಅನ್ನುತ್ತಿದ್ದದ್ದು ಒಂದೇ ಮಾತು: “ಆತು.” ಅಂದರೆ ಮಾಡಿಕೊಡುತ್ತೇನೆ ಎಂದು. ಎಷ್ಟು ದಿನಕ್ಕೆ ಎಂಬುದನ್ನು ಮಾತ್ರ ಅದು ಒಳಗೊಳ್ಳುತ್ತಿರಲಿಲ್ಲ. ಹೆದ್ದಾರಿಯ ಬದಿಗೆ ರೆಡಿಮೇಡ್ ಪೀಠೋಪಕರಣದ ಎರಡು ಅಂಗಡಿಗಳು ಬಂದ ಮೇಲೆ ಅವರನ್ನು ಕರೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದರು. ಆದರೂ ಕರೆಯುವವರು ಕರೆಯುತ್ತಿದ್ದದ್ದು ಆ ಒಂದು ಮಾತನ್ನು ನಂಬಿ. ‘ಆಗೂದಿಲ್ಲ’ ಎಂದು ಆಚಾರಿ ಹೇಳಿದ್ದನ್ನು ಕೇಳಿದವರು ಯಾರೂ ಇರಲಿಲ್ಲ.

ಆ ವರ್ಷ ಬೇಸಿಗೆಯಲ್ಲೇ ನಾನು ಅವರಿಗೆ ಕಪಾಟು ಮಾಡಿಕೊಡಲು ಹೇಳಿದ್ದೆ. ಹಲಸಿನ ಹಲಗೆ ಇನ್ನೂ ಹಸಿಯಿದೆ, ಒಂದು ಮಳೆಗಾಲ ನೆರಳಲ್ಲಿ ಇರಲಿ, ದೀಪಾವಳಿ ಕಳೆದ ಮೇಲೆ ನೋಡುವಾ ಎಂದಿದ್ದರು. ದೂರವಾಣಿ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಕಾಯುವುದೆಂದರೆ ಹಿಂದುಳಿಯುವುದು ಎಂಬ ನಂಬಿಕೆ ಬೆಳೆದಿತ್ತು. ಒಂದು ಕಾಗದದ ಮೇಲೆ ಎರಡು ಅಂಕಣ ಎಳೆದು, ಒಂದು ಕಡೆ ಆಚಾರಿಯನ್ನೂ ಇನ್ನೊಂದು ಕಡೆ ಅಂತರ್ಜಾಲವನ್ನೂ ಬರೆದು, ಗುಣಾವಗುಣಗಳಿಗೆ ಅಂಕ ಕೊಟ್ಟೆ. ಅಂಕ ಕೊಟ್ಟವನೂ ಫಲಿತಾಂಶ ಬಯಸಿದವನೂ ಒಬ್ಬನೇ ಆಗಿದ್ದದ್ದು ಆಗ ನನ್ನ ಗಮನಕ್ಕೆ ಬರಲಿಲ್ಲ. ಕುಮಟೆಯ ಸೈಬರ್ ಕೆಫೆಯಲ್ಲಿ ಕೂತು, ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಮೂಡುವುದನ್ನು ಭಕ್ತಿಯಿಂದ ನೋಡಿ, ಡಿ.ಡಿ. ಕಳಿಸಿ ಕಪಾಟು ತರಿಸಿದೆ. ಚಿತ್ರದ ಕಪಾಟಿನಲ್ಲಿ ಒಂದು ಹೂದಾನಿ ಮಾತ್ರ ಇತ್ತು, ಒಂದೂ ಪುಸ್ತಕ ಇರಲಿಲ್ಲ. ನನ್ನಂಥ ಸಂದೇಹವಾದಿಗೆ ಅಷ್ಟು ಸೂಚನೆ ಸಾಕಾಗಬೇಕಿತ್ತು.

ಲಾರಿ ಆಫೀಸಿನಿಂದ ಗೂಡ್ಸ್ ರಿಕ್ಷಾದಲ್ಲಿ ಅದನ್ನು ತಂದ ಅಣ್ಣಪ್ಪನಿಗೆ ಇನ್ನೊಂದು ಬಾಡಿಗೆಯ ಅವಸರವಿತ್ತು. ‘ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಚೀಟಿಗೆ, ಪೆಟ್ಟಿಗೆ ಒಡೆಯುವ ಮೊದಲೇ ಸಹಿ ಹಾಕಿದೆ. ಜೋಡಿಸಿಯೇ ಕಳಿಸಿದ್ದ ಕಪಾಟಿನ ಮುಂಭಾಗ ಹೊಳೆಯುತ್ತಿತ್ತು. ಅಷ್ಟರಲ್ಲಿ ನನ್ನ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಹೊಸ ಸಾಮಾನು ಮನೆಗೆ ಬಂದರೆ, ಅದು ಮಿಕ್ಸಿಯಾಗಲಿ ಮೋಟಾರ್ ಸೈಕಲ್ಲಾಗಲಿ, ಕುಂಕುಮ ಹಚ್ಚಿ ಆರತಿ ಎತ್ತದೆ ಅದನ್ನು ಮುಟ್ಟುವ ಕ್ರಮ ನಮ್ಮಲ್ಲಿ ಇಲ್ಲ. ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಆಯಿ ಎರಡೂ ಬಾಗಿಲಿಗೆ ಧಾರಾಳವಾಗಿ ಬಳಿದಳು. ನಾನು ಕೈಕಟ್ಟಿ ನಿಂತೆ. ನಿರುಪದ್ರವಿ ಆಚರಣೆಯೊಂದನ್ನು ದೂರದಿಂದ ವೀಕ್ಷಿಸುತ್ತಿರುವ ವಿದ್ವಾಂಸನ ಮುಖಭಾವ ಹೊತ್ತು ನಿಂತಿದ್ದೆ ಎಂದು ನನ್ನ ಹೆಂಡತಿ ಮೂಕಾಂಬಿಕಾ ಹೇಳುತ್ತಾಳೆ.

ಆರತಿ ಮುಗಿದು ಕಪಾಟನ್ನು ತಿರುಗಿಸಿದಾಗ ಹಿಂದಿನ ಬಲಮೂಲೆ ಕಂಡಿತು. ಬುಡ ಜಜ್ಜಿ ಹೋಗಿ, ಸ್ಕ್ರೂಗಳು ಕಿತ್ತು ಬಂದು, ಪಕ್ಕದ ಹಲಗೆ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಸಹೋದ್ಯೋಗಿಯೊಬ್ಬರ ಡಿಜಿಟಲ್ ಕ್ಯಾಮೆರಾ ತಂದು ನಾಲ್ಕೂ ಬದಿಯ ಚಿತ್ರ ತೆಗೆದು, ಮತ್ತೆ ಕುಮಟೆಗೆ ಹೋಗಿ ಕಂಪನಿಗೆ ಕಳಿಸಿದೆ. ಆರು ದಿನಕ್ಕೆ ಉತ್ತರ ಬಂತು. ಬಾಗಿಲುಗಳ ಮೇಲೆ ಎಣ್ಣೆಯ ಮತ್ತು ಬಣ್ಣದ ಕಲೆಗಳು ಕಾಣುತ್ತಿವೆ, ಆದ್ದರಿಂದ ಇದು ಬಳಸಿದ ಸರಕು. ಆದರೂ ಊರಿನ ಒಬ್ಬ ಬಡಗಿ ‘ಇದು ದುರಸ್ತಿಗೆ ಒಳಪಡುವುದಿಲ್ಲ’ ಎಂದು ಬರೆದು ಸಹಿ ಮಾಡಿಕೊಟ್ಟರೆ ಬೇರೊಂದನ್ನು ಕಳಿಸುತ್ತೇವೆ ಎಂದು ಅದರಲ್ಲಿತ್ತು. ಅರಿಶಿನವನ್ನು ಉಜ್ಜಿ ನೋಡಿದೆ. ಅದು ನನ್ನ ವೈಜ್ಞಾನಿಕ ದೃಷ್ಟಿಗಿಂತ ಗಟ್ಟಿಯಾಗಿ ಅಂಟಿತ್ತು.

ನಾನು ಕೈಬಿಟ್ಟವರನ್ನೇ ಕರೆಯಬೇಕಾಗಿ ಬಂತು. ಆಚಾರಿ ಬಸ್ಸಿನಲ್ಲಿ ಬಂದರು. ನನ್ನನ್ನು ನೋಯಿಸುವ ಮಾತು ಒಂದೂ ಆಡಲಿಲ್ಲ. ತಮ್ಮ ಹಲಸು ಇನ್ನೂ ಒಣಗಿಲ್ಲವೆಂದೂ, ನಾನು ಬೇರೆ ಕಡೆಯಿಂದ ತರಿಸಿದ್ದು ಒಳ್ಳೆಯದೇ ಆಯಿತೆಂದೂ ಹೇಳಿದರು. ಇದಕ್ಕಿಂತ ಬೈದಿದ್ದರೆ ಹಿತವಾಗುತ್ತಿತ್ತು. ಯಾವ ಮರ ಎಂದು ಕೇಳಿದ್ದು ಆಗಲೇ.

ನಾನು ಬಿಳಿ ಹಾಳೆ ಮತ್ತು ಪೆನ್ನನ್ನು ಅವರ ಮುಂದಿಟ್ಟೆ.

“ಎರಡೇ ಸಾಲು, ಆಚಾರ್ರೆ. ಇದು ರಿಪೇರಿ ಆಗೂದಿಲ್ಲ ಅಂತ ಬರ್ದು ಸೈ ಹಾಕಿ.”

“ಆಗ್ತದಲ್ರಾ ಭಟ್ರೆ. ಕಾಲಿಗೆ ಒಂದು ಚೌಕಟ್ಟು ಕೊಟ್ರೆ ನಿಲ್ತದೆ.”

ಆಗುವುದಿಲ್ಲ ಎಂಬುದನ್ನು ನಾನು ಸಾಧಿಸಿ ತೋರಿಸಿದೆ. ಇದು ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಇದರಲ್ಲಿ ಎಳೆಯಿಲ್ಲ, ಆದ್ದರಿಂದ ಸ್ಕ್ರೂ ಕಚ್ಚಿಕೊಳ್ಳುವುದಿಲ್ಲ. ನಮ್ಮ ಕರಾವಳಿಯ ತೇವಕ್ಕೆ ಇದು ಪ್ರತಿ ಮಳೆಗಾಲ ಉಬ್ಬುತ್ತದೆ, ಉಬ್ಬಿದ್ದು ಮೊದಲಿನಂತಾಗುವುದಿಲ್ಲ. ಹಾಗಾಗಿ ಅವರು ಬರೆಯುವುದು ಸುಳ್ಳಲ್ಲ, ಶುದ್ಧ ಸತ್ಯ. ನನ್ನ ಜೀವಮಾನದ ಅತ್ಯುತ್ತಮ ಉಪನ್ಯಾಸಗಳಲ್ಲಿ ಅದೂ ಒಂದು. ಆಚಾರಿ ಒಳ್ಳೆಯ ಕಿವಿಯನ್ನು ನನ್ನ ಕಡೆಗೆ ತಿರುಗಿಸಿ ಪೂರ್ತಿ ಕೇಳಿದರು. ಆಮೇಲೆ ಹಾಳೆಯನ್ನು ಮೆಲ್ಲನೆ ನನ್ನ ಕಡೆಗೇ ಸರಿಸಿದರು.

“ನೀವು ಹೇಳೂದು ಖರೆ ಇರೂಕೂ ಸಾಕು. ಆದ್ರೆ ಶಾಂತಾರಾಮ ಆಗೂದಿಲ್ಲ ಅಂತ ಸೈ ಹಾಕ್ದ ಅಂತ ಒಂದ್ಸಲ ಊರಲ್ಲಿ ಸುದ್ದಿ ಆದ್ರೆ, ನಾಳೆ ನಂಗೆ ಕೆಲ್ಸ ಯಾರು ಹೇಳ್ತ್ರು? ನನ್ ಹತ್ರ ಮತ್ತೆಂತ ಉಂಟು, ಭಟ್ರೆ?”

ಕಾಗದ ಹೋಗುವುದು ಮುಂಬಯಿಗೆ, ಮಂಕಿಗಲ್ಲ ಎಂದೆ. ಅಣ್ಣಪ್ಪನ ರಿಕ್ಷಾ ಎಲ್ಲ ಕಡೆಗೂ ಹೋಗುತ್ತದೆ ಎಂದರು. ಬೇರೆ ಬಡಗಿಯನ್ನು ಹುಡುಕಬಹುದಿತ್ತು. ಆದರೆ ಆಯಿ ಅಷ್ಟರಲ್ಲಿ ಆಚಾರಿಗೆ ಎರಡನೆಯ ಲೋಟ ಚಹಾ ಕೊಟ್ಟು, ಕೆಲಸ ಯಾವಾಗ ಶುರು ಎಂದು ಕೇಳಿಬಿಟ್ಟಿದ್ದಳು. ಅವರು ಕಪಾಟಿನ ಸುತ್ತ ಒಂದು ಸುತ್ತು ಬಂದು, ಕಡ್ಡಿಗೆ ಉಗುರು ಒತ್ತಿ ಹೇಳಿದರು: “ಆತು.”

ಎರಡು ದಿನ ಕೆಲಸ ನಡೆಯಿತು. ಬುಡಕ್ಕೆ ಗಟ್ಟಿ ಮರದ ಚೌಕಟ್ಟು ಬಂತು, ಜಜ್ಜಿದ ಮೂಲೆಯ ಒಳಗೆ ಒಂದು ತುಂಡು ಕೂತಿತು, ಕಪಾಟು ನೆಟ್ಟಗೆ ನಿಂತಿತು. ದಪ್ಪ ಪುಸ್ತಕಗಳನ್ನು ಇದರಲ್ಲಿ ಇಡಬೇಡಿ, ಅವು ಒಳಕೋಣೆಯಲ್ಲೇ ಇರಲಿ ಎಂದಷ್ಟೇ ಹೇಳಿ ಹೋದರು. ಒಂದು ಮಳೆಗಾಲದಲ್ಲಿ ಇದು ಕುಸಿಯುತ್ತದೆ, ಆಗ ಇವರಿಗೆ ತೋರಿಸುತ್ತೇನೆ ಎಂದು ನಾನು ಒಂದು ಬಗೆಯ ಆಸೆಯಿಂದಲೇ ಕಾದೆ.

ಕುಸಿಯಲಿಲ್ಲ. ನಾನು ಬಿಡಲಿಲ್ಲ. ದಾರಕ್ಕೆ ಸೀಸದ ಗುಂಡು ಕಟ್ಟಿ, ಪ್ರತಿ ತಿಂಗಳ ಮೊದಲ ಭಾನುವಾರ ಕಪಾಟಿನ ಪಕ್ಕಕ್ಕೆ ಇಳಿಬಿಟ್ಟು, ವಾಲಿದೆಯೇ ಎಂದು ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ಎರಡು ಮಳೆಗಾಲ ಕಳೆದರೂ ಒಂದು ನೂಲಿನಷ್ಟು ವ್ಯತ್ಯಾಸವಿರಲಿಲ್ಲ. ನನ್ನ ಸಿದ್ಧಾಂತ ತಪ್ಪು ಎಂದು ಒಪ್ಪಿಕೊಂಡೆ. ಪುರಾವೆ ಎದುರಾದಾಗ ಅಭಿಪ್ರಾಯ ಬದಲಿಸುವುದೇ ವಿಜ್ಞಾನ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಹೊಸ ಸಿದ್ಧಾಂತ ಕಟ್ಟಿದೆ: ಒತ್ತಿದ ಹಲಗೆ ಕರಾವಳಿಯ ತೇವಕ್ಕೆ ಕ್ರಮೇಣ ಹೊಂದಿಕೊಂಡು, ಒಂದು ಹಂತದಲ್ಲಿ ಸ್ಥಿರವಾಗುತ್ತದೆ. ಜಿಲ್ಲೆಯ ವಾರಪತ್ರಿಕೆಯೊಂದು ಇದನ್ನು ಅಂಕಿಅಂಶಗಳ ಸಮೇತ ಪ್ರಕಟಿಸಿತು. ಹೆದ್ದಾರಿಯ ಅಂಗಡಿಯವರು ಲೇಖನವನ್ನು ಕತ್ತರಿಸಿ ಗಾಜಿಗೆ ಅಂಟಿಸಿಕೊಂಡಿದ್ದರು. ನಾನು ಅಲ್ಲಿ ಬಸ್ಸಿಳಿದು ನಡೆದು ಹೋಗುವುದನ್ನು ರೂಢಿ ಮಾಡಿಕೊಂಡೆ.

ಆಚಾರಿ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಮಳೆಗಾಲದಲ್ಲಂತೂ ಹದಿನೈದು ದಿನಕ್ಕೊಮ್ಮೆ, ಈ ಬದಿಗೆ ಬಂದಿದ್ದೆ ಎನ್ನುತ್ತ ಬಂದು, ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಅವರಿಗೆ ಸಮುದ್ರದ ಭರತ ಇಳಿತದ ಬಗ್ಗೆ, ಗ್ರಹಣದ ಬಗ್ಗೆ, ಗೆದ್ದಲಿನ ಹೊಟ್ಟೆಯೊಳಗಿನ ಜೀವಿಗಳ ಬಗ್ಗೆ ಹೇಳುತ್ತಿದ್ದೆ. ನಮ್ಮ ಸೀಮೆಯಲ್ಲಿ ನನ್ನ ಮಾತಿಗೆ ಎದ್ದು ಹೋಗದ ಏಕೈಕ ಮನುಷ್ಯ ಅವರು. ಅಷ್ಟೇ ಅಲ್ಲ, ಪ್ರತಿ ಸಲವೂ ಒಂದು ಪ್ರಶ್ನೆ ಕೇಳಿ, ದೊಡ್ಡ ಪುಸ್ತಕದಲ್ಲಿ ಅದಕ್ಕೆ ಎಂತ ಹೇಳಿದೆ ನೋಡಿ ಎನ್ನುತ್ತಿದ್ದರು. ನಾನು ಉತ್ಸಾಹದಿಂದ ಒಳಕೋಣೆಗೆ ಹೋಗಿ, ಪುಟ ಹುಡುಕಿ ತರುತ್ತಿದ್ದೆ. ಓದಿದರೆ ತಲೆಯಾಡಿಸಿ, ಚಹಾ ಮುಗಿಸಿ, ಮಂಕಿಯ ಬಸ್ಸಿಗೆ ಏಳುತ್ತಿದ್ದರು. ಔಪಚಾರಿಕ ವಿದ್ಯೆಯಿಲ್ಲದವನಲ್ಲೂ ಜಿಜ್ಞಾಸೆ ಹೇಗೆ ಮೊಳೆಯುತ್ತದೆ ಎಂಬುದಕ್ಕೆ ಅವರನ್ನು ಉದಾಹರಣೆಯಾಗಿ ನಾನು ಕೆಲವೆಡೆ ಬಳಸಿದ್ದೂ ಉಂಟು.

೨೦೦೯ರ ಫೆಬ್ರವರಿಯಲ್ಲಿ ಆಚಾರಿ ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೆ. ಅವರು ಕೊನೆಗೆ ಕೈ ಹಾಕಿದ್ದು ಯಾರದೋ ಮನೆಯ ತೊಟ್ಟಿಲಿಗೆ ಎಂದು ಮಂಕಿಯಲ್ಲಿ ಯಾರೋ ಹೇಳಿದರು. ಅದಕ್ಕೂ ‘ಆತು’ ಅಂದಿದ್ದರಂತೆ. ದಹನಕ್ಕೆ ಬಂದ ಮಂದಿಯನ್ನು ನೋಡಿ ನನಗೆ ಆಶ್ಚರ್ಯವಾಯಿತು. ರೆಡಿಮೇಡ್ ಮಂಚ ಕೊಂಡವರೂ ಅಲ್ಲಿ ನಿಂತಿದ್ದರು.

ಜುಲೈನಲ್ಲಿ ಕಪಾಟಿನ ಬಾಗಿಲು ಮುಚ್ಚದಾಯಿತು. ಮುಂದಿನ ವಾರ ಬಲಗಡೆಗೆ ವಾಲಿತು. ಸೀಸದ ಗುಂಡು ಎರಡು ಬೆರಳಿನಷ್ಟು ದೂರ ನಿಂತಿತು. ಐದು ವರ್ಷ ಸ್ಥಿರವಾಗಿದ್ದ ವಸ್ತು ಆರನೆಯದರಲ್ಲಿ ಕುಸಿಯಲು ಕಾರಣವೇನು ಎಂದು ಯೋಚಿಸುತ್ತ, ಆ ವರ್ಷದ ಮಳೆಯ ಲೆಕ್ಕವನ್ನು ಪತ್ರಿಕೆಯಿಂದ ಬರೆದುಕೊಳ್ಳುತ್ತಿದ್ದೆ. ಮೂಕಾಂಬಿಕಾ ಬಂದು ನನ್ನ ಲೆಕ್ಕವನ್ನು ಬಗ್ಗಿ ನೋಡಿದಳು.

“ಅದ್ಕೆ ಚಕ್ಕೆ ಕೊಡೋರು ಇಲ್ಲೆ ಈಗ,” ಎಂದಳು.

ಕಪಾಟಿನ ಹಿಂದೆ ಕೈ ಹಾಕಿ ನೋಡಿದೆ. ಚೌಕಟ್ಟಿಗೂ ಹಲಗೆಗೂ ನಡುವೆ ತೆಳ್ಳಗೆ ಕೆತ್ತಿದ ಮರದ ಚಕ್ಕೆಗಳು ಒಂದರ ಪಕ್ಕ ಒಂದು ಬಿಗಿಯಾಗಿ ಕೂತಿದ್ದವು. ಹನ್ನೊಂದಿದ್ದವು. ಹಲಗೆ ಉಬ್ಬಿ ಕುಗ್ಗಿದಾಗಲೆಲ್ಲ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದ ಗುರುತುಗಳೂ ಇದ್ದವು. ನಾನು ಪುಟ ಹುಡುಕಲು ಒಳಗೆ ಹೋದಾಗ ಆ ಕೆಲಸ ನಡೆಯುತ್ತಿತ್ತು. ಒತ್ತಿದ ಹಲಗೆ ನಿಲ್ಲುವುದಿಲ್ಲ ಎಂಬ ನನ್ನ ಮೊದಲ ಮಾತೇ ಸರಿಯಿತ್ತು. ಅಳೆದು ಅಳೆದು ನಾನೇ ಅದನ್ನು ಸುಳ್ಳೆಂದು ಸಾಧಿಸಿದ್ದೆ. ನನ್ನ ಪ್ರಯೋಗದಲ್ಲಿ ಗಣನೆಗೆ ಬಾರದೆ ಹೋದ ಅಂಶ ನನ್ನೆದುರಿಗೇ ಚಹಾ ಕುಡಿಯುತ್ತ ಕೂತಿತ್ತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮೂಕಾಂಬಿಕಾಳನ್ನು ಕೇಳಿದೆ. ಆಚಾರಿಯೇ ಬೇಡವೆಂದಿದ್ದರಂತೆ. ಮೊದಮೊದಲು ಅದು ತಮ್ಮ ‘ಆತು’ ಎಂಬ ಮಾತು ಉಳಿಯಲಿ ಎಂದೇ ಇದ್ದಿರಬೇಕು. ಆದರೆ ಕೊನೆಯ ವರ್ಷಗಳಲ್ಲಿ ಅವರಿಗೆ ಮೊಣಕಾಲು ನೋವು, ಬಸ್ಸು ಹತ್ತುವುದೂ ಕಷ್ಟ. ಇನ್ನು ಸಾಕು, ನಮ್ಮನೆಯವರಿಗೆ ನಾನೇ ಹೇಳುತ್ತೇನೆ ಎಂದು ಮೂಕಾಂಬಿಕಾ ಒಂದು ದಿನ ಹೇಳಿದ್ದಕ್ಕೆ, ನನ್ನ ಕಾಲಿನ ಶಬ್ದ ಬರುತ್ತದೆಯೇ ಎಂದು ಒಳಕೋಣೆಯ ಕಡೆ ನೋಡಿ, ಆಚಾರಿ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟರಂತೆ: “ಬ್ಯಾಡ್ರಾ ಅಮ್ಮ. ಭಟ್ರು ಪೇಪರಲ್ಲಿ ಬರ್ದು ಬಿಟ್ಟಿದ್ದಾರೆ. ಇನ್ನು ಇದನ್ನ ಬೀಳೂಕೆ ಬಿಡೂಕಾಗ.”