ಬೂಚಿನ ಕ್ಲಚ್ಚಿನ ಬಾಲಪ್ಪ

ಗಂಗಾವತಿಯ ಪೇಟೆ ಇನ್ನೂ ಕಣ್ಣು ಬಿಟ್ಟಿಲ್ಲ. ಕನಕಗಿರಿ ರಸ್ತೆಗೆ ಮುಖ ಮಾಡಿದ ತಗಡಿನ ಚಪ್ಪರದಲ್ಲಿ ಬಾಲಪ್ಪ ಆಗಲೇ ಒಂದು ಹಳೆಯ ಪುಟ್ಟ ಮೋಟಾರ್ ಸೈಕಲ್ಲಿನ ಮೇಲೆ ಕೂತಿದ್ದಾನೆ. ಊರವರ ಬಾಯಲ್ಲಿ ಇದು ಫಟಫಟಿ. ಮುಂದಿನ ಗಾಲಿಯನ್ನು ಗೋಡೆಗೆ ಒತ್ತಿ, ಗೇರು ಹಾಕಿ, ಬ್ರೇಕು ತುಳಿದು, ಕ್ಲಚ್ಚಿನ ಹಿಡಿಕೆಯನ್ನು ಮೆಲ್ಲಗೆ ಬಿಡುತ್ತಾನೆ. ಗೊರಗೊರ ಎನ್ನುತ್ತಿದ್ದ ಎಂಜಿನ್ನು ಒಮ್ಮೆ ಬಿಕ್ಕಿ ನಿಂತೇಬಿಡುತ್ತದೆ. ಬಾಲಪ್ಪ ನಗುತ್ತಾನೆ. ಗಾಡಿ ನಿಂತಿತೆಂದು ನಗುವ ಮೆಕ್ಯಾನಿಕನನ್ನು ಕಂಡರೆ ಯಾರಿಗಾದರೂ ಮೈ ಉರಿಯದೆ ಇದ್ದೀತೆ? ಪಕ್ಕದಲ್ಲಿ ನಿಂತ ಗಾಡಿಯ ಯಜಮಾನರಿಗೂ ಉರಿಯುತ್ತದೆ.

"ಹೆದರಬ್ಯಾಡ್ರಿ ಸಾಹೇಬ್ರ, ನಿಂತದ್ದ ಛಲೋ ಆತು. ಗಾಲಿ ಹಿಡದಿಟ್ರ ಎಂಜಿನ್ನು ಸಾಯಬೇಕ್ರಿ. ನಿನ್ನಿ ಸಾಯತಿದ್ದಿಲ್ಲ, ಒಂದ ಸಮನ ಒದರತಿತ್ತು. ಅಂದ್ರ ಕ್ಲಚ್ಚು ಜಾರತಿತ್ತು. ಈಗ ಹಿಡದೈತಿ."

ಸಾಹೇಬರೆಂದರೆ ಉಮಾಪತಿ, ತಾಲ್ಲೂಕಿನ ಆರೋಗ್ಯ ಇನ್ಸ್‌ಪೆಕ್ಟರು. ಅವರ ಕಾಲ ಬಳಿ ಎರಡು ಸಾಮಾನುಗಳಿವೆ. ಒಂದು ಸೂಜಿಮದ್ದಿನ ಮರದ ಪೆಟ್ಟಿಗೆ, ಇನ್ನೊಂದು ಬಾವಿಯ ನೀರು ಶುದ್ಧ ಮಾಡಲು ಹಾಕುವ ಕೆಂಪು ಪುಡಿಯ ಡಬ್ಬಿ. ಹುಲಿಹೈದರದಲ್ಲಿ ಕಾಲರಾ ಬಿದ್ದಿದೆ. ಊರಿಗೆಲ್ಲ ನೀರು ಕೊಡುವ ದೊಡ್ಡ ಬಾವಿ ಒಂದೇ, ರೋಗ ಹಬ್ಬುತ್ತಿರುವುದು ಆ ಬಾವಿಯ ಓಣಿಯಲ್ಲೇ. ಪುಡಿ ಬೀಳುವ ತನಕ ಅಲ್ಲಿ ಸೇದುವ ಒಂದೊಂದು ಕೊಡಕ್ಕೂ ಹೆದರಬೇಕು. ಹೆಂಗಸರು ಸಂಜೆಯ ನೀರಿಗೆ ಬರುವುದರೊಳಗೆ ಉಮಾಪತಿ ಅಲ್ಲಿರಬೇಕು. ಎತ್ತಿನ ಬಂಡಿ ಹೂಡಿದರೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿರುತ್ತದೆ. ಮಹಾಯುದ್ಧ ಶುರುವಾದಾಗಿನಿಂದ ಬಸ್ಸಿಗೆ ಪೆಟ್ರೋಲಿಲ್ಲ, ಉಮಾಪತಿಯವರ ಗಾಡಿಗೆ ಮಾತ್ರ ಸರ್ಕಾರದಿಂದ ಒಂದಿಷ್ಟು ಸಿಗುತ್ತದೆ. ಪುಡಿಯನ್ನು ಸೈಕಲ್ಲಿನವನ ಕೈಯಲ್ಲಿ ಕಳಿಸಿದರೆ ಊರವರು ಅವನನ್ನು ಬಾವಿಯ ಹತ್ತಿರಕ್ಕೂ ಬಿಡುವುದಿಲ್ಲ. ಉಮಾಪತಿಯವರೇ ಸೈಕಲ್ ತುಳಿಯೋಣವೆಂದರೆ ಮೊಣಕಾಲು ಮಡಚುವುದಿಲ್ಲ. ಉಳಿದದ್ದು ಈ ಫಟಫಟಿ ಮತ್ತು ಬಾಲಪ್ಪ.

ಆ ಬಾವಿಯ ಓಣಿಯಲ್ಲೇ ಬಾಲಪ್ಪನ ಅಕ್ಕ ಗಾಳೆಮ್ಮನ ಮನೆ. ತಾಯಿ ಸತ್ತ ಮೇಲೆ ಇವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು. ಈ ಮಾತನ್ನು ಅವನು ಉಮಾಪತಿಯವರಿಗೆ ಹೇಳಿಲ್ಲ. ಹೇಳಿದರೆ ಕೆಲಸದ ಮೇಲಿನ ಗಮನ ತಪ್ಪೀತೆಂಬ ಭಯ ಅವನಿಗೆ.

ಬಾಲಪ್ಪ ಸಿದ್ದಾಪುರದ ಒಕ್ಕಲು ಮನೆಯ ಮಗ. ಮೀಸೆ ಮೂಡುವ ವಯಸ್ಸಿನಲ್ಲಿ ಗಂಗಾವತಿಗೆ ಬಂದು ಉಮರಸಾಬರ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಚ್ಚಲು ಕೂತ. ಹೈದರಾಬಾದಿನ ಗ್ಯಾರೇಜಿನಲ್ಲಿ ದುಡಿದು ಬಂದಿದ್ದ ಉಮರಸಾಬರು ಫಟಫಟಿಯ ಹೊಟ್ಟೆ ಬಿಚ್ಚುವುದನ್ನು ಕಲಿಸಿದರು. ಆ ಉಸ್ತಾದರು ತೀರಿಹೋದ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ ಈ ವಿದ್ಯೆ ಗೊತ್ತಿರುವವನು ಇವನೊಬ್ಬನೇ. ಹಾಗೆಂದು ಸಾಲುಗಟ್ಟಿ ಜನ ನಿಂತಿದ್ದಾರೆಂದುಕೊಳ್ಳಬೇಡಿ. ನಾಲ್ಕೂ ಕಡೆಯ ಫಟಫಟಿಗಳನ್ನು ಬೆರಳು ಮಡಚಿ ಎಣಿಸಬಹುದು. ತಿಂಗಳಿಗೆ ಒಂದೆರಡು ಬಂದರೆ ಹಬ್ಬ. ದಿನದ ಅನ್ನ ಬರುವುದು ಸೈಕಲ್ಲಿನಿಂದ, ಅಂದರೆ ಜಾಲಿಮುಳ್ಳಿನ ದಯೆಯಿಂದ. ದಿನಕ್ಕೆ ಹತ್ತು ಹನ್ನೆರಡು ಪಂಕ್ಚರ್. ಎಡಗೈ ತೋರುಬೆರಳಿನ ತುದಿಯನ್ನು ಯಾವುದೋ ಚೈನು ಎಂದೋ ತಿಂದಿದೆ. ಹೆಂಡತಿ ಹಂಪವ್ವ ಬೂದಿ ಹಚ್ಚಿ ಕೈ ಉಜ್ಜಿಸದೆ ರೊಟ್ಟಿ ಮುಟ್ಟಗೊಡುವುದಿಲ್ಲ.

ಅವನ ದೊಡ್ಡ ಕಷ್ಟವೆಂದರೆ ಸಾಮಾನಿನದು. ಮುಂಬಯಿಯಿಂದ ಒಂದು ಬೋಲ್ಟೂ ಬರುವುದಿಲ್ಲ. ಎಂಜಿನ್ನಿನ ಬಲ ಹಿಂದಿನ ಗಾಲಿಗೆ ಹೋಗುವ ಮೊದಲು ಒಂದಕ್ಕೊಂದು ಒತ್ತಿಕೊಂಡ ಕ್ಲಚ್ಚಿನ ತಟ್ಟೆಗಳನ್ನು ದಾಟಬೇಕು. ಆ ತಟ್ಟೆಗಳ ತೂತುಗಳಲ್ಲಿ ಬೂಚಿನ, ಅಂದರೆ ಬಾಟಲಿಯ ಬಾಯಿಗೆ ಹಾಕುವ ಬಿರಡೆಯಂಥ ಮೆತ್ತನೆಯ ತೊಗಟೆಯ, ತುಂಡುಗಳಿರುತ್ತವೆ. ಅವು ಸವೆದರೆ ತಟ್ಟೆ ಜಾರುತ್ತದೆ, ಎಂಜಿನ್ನು ಬರೀ ಕೂಗಾಡುತ್ತದೆ. ಹೊಸ ತುಂಡು ಎಲ್ಲಿಂದ ತರುವುದು? ಬಾಲಪ್ಪ ದವಾಖಾನೆಯ ಹಿಂದೆ ಬಿಸಾಡಿದ ಔಷಧಿ ಬಾಟಲಿಗಳ ಬೂಚುಗಳನ್ನು ಆಯ್ದು ತರುತ್ತಾನೆ. ಕುದಿಸಿ, ಕೊಯ್ದು, ತೂತಿಗೆ ತುರುಕಿ, ಕಲ್ಲಿನ ಮೇಲೆ ಸಮನಾಗಿ ಉಜ್ಜಿ, ಎಣ್ಣೆಯಲ್ಲಿ ನೆನೆಯಿಡುತ್ತಾನೆ. "ಬೂಚಿನ ಬಾಲ್ಯಾ" ಎಂದು ಪೇಟೆಯವರು ನಗುತ್ತಾರೆ. ನಗಲಿ, ಅವನ ಬೂಚು ಇಲ್ಲದಿದ್ದರೆ ಕಾರಟಗಿಯ ಅಕ್ಕಿ ಸಾಹುಕಾರರ ಗಾಡಿಯಲ್ಲಿ ಇಷ್ಟು ಹೊತ್ತಿಗೆ ಕೋಳಿ ಮೊಟ್ಟೆ ಇಡುತ್ತಿತ್ತು.

ಉಮಾಪತಿಯವರ ಗಾಡಿ ಹಳ್ಳದ ಉಸುಕಿನಲ್ಲಿ ಅರ್ಧ ಕ್ಲಚ್ಚು ಹಿಡಿದೂ ಹಿಡಿದೂ ಬೂಚು ಸುಟ್ಟುಕೊಂಡಿತ್ತು. ನಿನ್ನೆ ಅದನ್ನು ಬಾಲಪ್ಪ ಸರಿ ಮಾಡಿದ್ದಾನೆ. ಇನ್ನು ಊರ ಹೊರಗಿನ ಏರಿನಲ್ಲೊಮ್ಮೆ ಓಡಿಸಿ ನೋಡಿದರಾಯಿತು. ಓಡಿಸಿಕೊಂಡು ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ತಳ್ಳಿಕೊಂಡು ಬರುತ್ತಾನೆ. ಮುಖ ಸುಣ್ಣ.

"ಏನಾತೋ?" ಉಮಾಪತಿಯವರ ದನಿ ಏರುತ್ತದೆ.

"ತಪ್ಪು ನಂದ ಐತ್ರಿ ಸಾಹೇಬ್ರ. ಏರಿನ್ಯಾಗ ಚೈನು ಹಲ್ಲು ಹಾರಾಕತ್ತೈತಿ. ಒಂದು ರೋಗ ಸಿಕ್ತಂತ ನಾ ಎದ್ದಬಿಟ್ಟೆ. ಅದರ ಹಿಂದ ಇನ್ನೊಂದು ಕುಂತಿತ್ತು."

ನಡೆದದ್ದು ಇಷ್ಟು. ಹಿಂದಿನ ಗಾಲಿಯ ಹಲ್ಲುಚಕ್ರ ಎಂದೋ ಸವೆದು, ಹಲ್ಲುಗಳು ಕುಡುಗೋಲಿನ ತುದಿಯಂತೆ ಬಾಗಿವೆ. ಚೈನೂ ಜೋತುಬಿದ್ದಿದೆ. ಕ್ಲಚ್ಚು ಜಾರುತ್ತಿದ್ದಾಗ ಪೂರ್ತಿ ಬಲ ಚೈನಿಗೆ ಮುಟ್ಟುತ್ತಲೇ ಇರಲಿಲ್ಲ, ಹಾಗಾಗಿ ಅದರ ಗುಟ್ಟು ಹೊರಬೀಳಲಿಲ್ಲ. ಈಗ ಕ್ಲಚ್ಚು ಗಟ್ಟಿ ಹಿಡಿಯುತ್ತಿದೆ, ಬಲವೆಲ್ಲ ಚೈನಿನ ಮೇಲೆ ಬೀಳುತ್ತಿದೆ, ಅದು ತಡೆಯಲಾರದೆ ಹಲ್ಲು ದಾಟಿ ಹಾರುತ್ತಿದೆ. ನಿನ್ನೆಯೇ ಚೈನನ್ನು ಬೆರಳಿನಿಂದ ಎತ್ತಿ ನೋಡಿದ್ದರೆ ಕಾಣುತ್ತಿತ್ತು. ಉಸ್ತಾದರಿದ್ದರೆ ಕಪಾಳಕ್ಕೆ ಬಿಗಿಯುತ್ತಿದ್ದರು. ಬಾಲಪ್ಪನಿಗೆ ಈಗ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಉಮಾಪತಿ ಜೊತೆಗೆ ಬಂದಿದ್ದ ಜವಾನನನ್ನು ಬಂಡಿ ತರಲು ಓಡಿಸುತ್ತಾರೆ.

"ಬಂಡಿ ಬರೂದ್ರಾಗ ನೋಡತೀನ್ರಿ. ಅಷ್ಟರ ವ್ಯಾಳ್ಯಾ ಕೊಡ್ರಿ," ಎನ್ನುತ್ತಾ ಬಾಲಪ್ಪ ಹಿಂದಿನ ಗಾಲಿಯನ್ನು ಬಿಚ್ಚಲು ಕೂರುತ್ತಾನೆ. ಹೊಸ ಚಕ್ರವಂತೂ ಇಲ್ಲ. ಇದ್ದದ್ದನ್ನೇ ಮಗುಚಿ ಹಾಕಬೇಕು. ಆಗ ಹಲ್ಲಿನ ಸವೆಯದ ಮಗ್ಗುಲಿಗೆ ಚೈನಿನ ಎಳೆತ ಬೀಳುತ್ತದೆ. ತುಕ್ಕು ಹಿಡಿದ ಬೋಲ್ಟುಗಳು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಕೊನೆಯದೊಂದು ತಿರುಗದೆ ಹಟ ಹಿಡಿದಾಗ ಬಾಲಪ್ಪ ಅದಕ್ಕೆ ಬೈಯುವ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಬೈಗುಳಕ್ಕೋ ಸುತ್ತಿಗೆಗೋ ಅದು ಸಡಿಲಾಗುತ್ತದೆ. ಚಕ್ರ ಮಗುಚುತ್ತಾನೆ. ಚೈನಿನ ಕೊಂಡಿ ತೆಗೆದು ಗಿಡ್ಡ ಮಾಡಲು ಪಿನ್ನು ಬಡಿಯುತ್ತಿರುವಾಗ ಎತ್ತಿನ ಗೆಜ್ಜೆ ಕೇಳಿಸುತ್ತದೆ. ಬಂಡಿ ಬಂದು ನಿಂತಿದೆ. ಫಟಫಟಿಯ ಗಾಲಿ ಇನ್ನೂ ನೆಲದ ಮೇಲಿದೆ.

ಉಮಾಪತಿ ಬಂಡಿಯನ್ನೂ ನೋಡುತ್ತಾರೆ, ಗಾಲಿಯನ್ನೂ ನೋಡುತ್ತಾರೆ. "ಬಾಲಪ್ಪ, ಖಾತ್ರಿ ಹೇಳತೀಯೇನು? ಹುಲಿಹೈದರ ಮುಟ್ಟತೈತಿ ಅಂತ?"

ಹೂಂ ಎನ್ನಲು ಬಾಲಪ್ಪನ ನಾಲಗೆ ತುದಿಗೆ ಬಂದಿದೆ. ಹೂಂ ಎಂದರೆ ಅವರು ಕಾಯುತ್ತಾರೆ. ದಾರಿಯಲ್ಲಿ ಚೈನು ಹರಿದರೆ ಬಂಡಿಯೂ ಇಲ್ಲ, ಗಾಡಿಯೂ ಇಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬರುತ್ತದೆ.

"ಖಾತ್ರಿ ಇಲ್ರಿ. ಹಲ್ಲಿನ ಈ ಮಗ್ಗಲ ಛಲೋ ಐತಿ. ಚೈನು ಮುದುಕ. ಏರಿನ್ಯಾಗ ಜೋರು ಮಾಡಿದ್ರ ಹರೀತೈತಿ. ನಾನೂ ಹಿಂದ ಕುಂತು ಬರತೀನ್ರಿ. ಏರು ಬಂದಲ್ಲಿ ಇಳದು ನೂಕತೀನಿ." ಮೆಲ್ಲಗೆ ಸೇರಿಸುತ್ತಾನೆ, "ನಮ್ಮ ಅಕ್ಕ ಅದಾಳ್ರಿ ಅಲ್ಲೆ, ಬಾವಿ ಓಣ್ಯಾಗ."

ಉಮಾಪತಿ ಅವನನ್ನೇ ನೋಡುತ್ತಾರೆ. ಆಮೇಲೆ ಸೂಜಿಮದ್ದಿನ ಪೆಟ್ಟಿಗೆಯನ್ನು ಬಂಡಿಯಲ್ಲಿಟ್ಟು, ಹಿಂದೆ ಬಾ ಎಂದು ಜವಾನನನ್ನು ಕಳಿಸುತ್ತಾರೆ. ಪುಡಿಯ ಡಬ್ಬಿ ಮಾತ್ರ ಅವರ ಕಂಕುಳಲ್ಲಿ ಉಳಿಯುತ್ತದೆ. "ಗಾಲಿ ಏರಿಸು," ಎನ್ನುತ್ತಾರೆ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವರು ಹೊರಡುತ್ತಾರೆ. ಬಾಲಪ್ಪ ಹಿಂದೆ ಕೂತು, ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಕತ್ತು ಬಾಗಿಸಿ ಚೈನಿನ ಸದ್ದಿಗೆ ಕಿವಿ ಕೊಟ್ಟಿದ್ದಾನೆ. ಏರು ಬಂದಲ್ಲೆಲ್ಲ ಕೆಳಕ್ಕೆ ಹಾರಿ, ಡಬ್ಬಿ ಬಗಲಲ್ಲಿಟ್ಟುಕೊಂಡೇ ಬೆನ್ನು ಕೊಟ್ಟು ನೂಕುತ್ತಾನೆ. ಕನಕಗಿರಿ ದಾಟಿದ ಮೇಲಿನ ಕಲ್ಲು ದಿಬ್ಬದಲ್ಲಿ ಒಮ್ಮೆ ಕಟಕ್ ಎನ್ನುತ್ತದೆ. "ಆಕ್ಸಿಲೇಟರ್ ಇಳಸ್ರಿ, ಇಳಸ್ರಿ!" ಬಾಲಪ್ಪ ಕೂಗುತ್ತಾನೆ. ಉಮಾಪತಿ ಇಳಿಸುತ್ತಾರೆ. ಚೈನು ಹರಿಯುವುದಿಲ್ಲ. ದಿಬ್ಬದ ತುದಿ ಮುಟ್ಟುವ ಹೊತ್ತಿಗೆ ಬಾಲಪ್ಪನ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿದೆ.

ಹುಲಿಹೈದರದ ಬಾವಿಕಟ್ಟೆಯ ಮೇಲೆ ಸಂಜೆಯ ನೀರಿಗೆ ಹೆಂಗಸರು ಆಗಲೇ ನೆರೆಯುತ್ತಿದ್ದಾರೆ. ಒಂದು ಕೊಡ ಮೇಲೆ ಬಂದಿದೆ. ಉಮಾಪತಿ ಕುಂಟುತ್ತಾ ಕಟ್ಟೆ ಹತ್ತಿ, ಯಾರು ತಡೆದರೂ ಕೇಳದೆ ಪುಡಿ ಸುರಿಯುತ್ತಾರೆ. ನೀರು ಕೆಂಪಗೆ ತಿರುಗಿದ್ದನ್ನು ಕಂಡು ಗದ್ದಲವೇಳುತ್ತದೆ. ಪುಡಿ ಬೀಳುವ ಮುಂಚೆ ಸೇದಿದ ಆ ಕೊಡ ಹೊತ್ತು ಮನೆಯತ್ತ ಹೊರಟವಳು ಗಾಳೆಮ್ಮ. ಬಾಲಪ್ಪ ಓಡಿಹೋಗಿ, ಮಾತೂ ಆಡಿಸದೆ, ಅವಳ ತಲೆಯ ಮೇಲಿನ ಕೊಡ ಕಿತ್ತುಕೊಂಡು ನೆಲಕ್ಕೆ ಚೆಲ್ಲುತ್ತಾನೆ.

"ತಲಿ ಕೆಟ್ಟೈತೇನೋ ಬಾಲ್ಯಾ? ಅಷ್ಟ ದೂರದಿಂದ ನನ್ನ ನೀರು ಚೆಲ್ಲಾಕ ಬಂದಿಯೇನು? ಮಸಿ ಕೈಲೆ ಕೊಡ ಮುಟ್ಟೀಯಲ್ಲೋ, ಹಾಳಾಗಿ ಹೋಗ!" ಓಣಿಯೆಲ್ಲ ಕೇಳುವಂತೆ ಗಾಳೆಮ್ಮ ಬೈಯುತ್ತಾಳೆ. ಬೈಗುಳ ನಿಲ್ಲುವ ಲಕ್ಷಣವೇ ಇಲ್ಲ.

ಅವಳಿಗೆ ತಿಳಿಸಿ ಹೇಳಲು ಉಮಾಪತಿ ಕಟ್ಟೆ ಇಳಿದು ಬರುತ್ತಾರೆ. ಬಾಲಪ್ಪ ಬೇಡವೆಂದು ಕೈ ಅಡ್ಡ ಹಿಡಿಯುತ್ತಾನೆ. ಅವನ ಕಣ್ಣುಗಳು ತುಂಬಿವೆ.

"ಬೈಲಿ ಬಿಡ್ರಿ ಸಾಹೇಬ್ರ. ಬೈಯಾಕೂ ಜೀವ ಇರಬೇಕಲ್ರಿ."