ಟೇಪ್ ಪ್ಲೇಯರಿಗಾಗಿ ಕೊಯ್ದ ಡ್ಯಾಶ್‌ಬೋರ್ಡ್

ಹಮೀದಾಕ, ಆ ಕಾರಿನ ಡ್ಯಾಶ್‌ಬೋರ್ಡ್ ಕೊಯ್ಯಿಸಿದವನು ನಾನು ಎಂಬುದು ನಿಮಗೆ ಗೊತ್ತು. ಕಾರಿನ ಒಡೆಯ ಅರಬಿಯ ಎದುರು ನಾನು ಏನು ಹೇಳಿದೆ ಎಂಬುದು ಗೊತ್ತಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದು ಅದನ್ನೇ.

ಅರಬರ ನಾಡಿನ ಆ ನಜ್ಮಾ ಪೇಟೆಯ ಗ್ಯಾರೇಜಿನಲ್ಲಿ ನೀವು ಎಲ್ಲರಿಗೂ ಅಣ್ಣನಂತಿದ್ದ ಹಿರಿಯ ಮೆಕ್ಯಾನಿಕ್, ನಾನು ಬಿಡಿಭಾಗ ತರಿಸುವ ಗುಮಾಸ್ತ. ನಮ್ಮ ಮನೆತನದಲ್ಲೇ ಮೊದಲ ಪದವೀಧರ — ಹಗಲು ಹೋಟೆಲಿನಲ್ಲಿ ಬಿಲ್ಲು ಬರೆದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವನು. ಆ ಹೆಮ್ಮೆ ಈಗಲೂ ಇದೆ. ಆದರೆ ಅದನ್ನು ನಿಮ್ಮ ಮೇಲೆ ಬೀಸಿದೆನಲ್ಲ —

ಅಮೆರಿಕದ ಆ ಕಾರಿಗೆ ಆಗಲೇ ಮೂವತ್ತು ವರ್ಷ ದಾಟಿತ್ತು. ಉದ್ದ ಬಾನೆಟ್, ಎರಡೇ ಬಾಗಿಲು. ಸ್ಟಾರ್ಟ್ ಮಾಡಿದರೆ ಪಕ್ಕದ ದರ್ಜಿ ಅಂಗಡಿಯ ಗಾಜು ನಡುಗುತ್ತಿತ್ತು. ಅರಬಿಯ ತಂದೆ ಓಡಿಸಿದ್ದು. 'ಚಿಕ್ಕವನಿದ್ದಾಗ ಹಿಂದಿನ ಸೀಟಿನಲ್ಲಿ ಕೂತು ಹಾಡು ಕೇಳುತ್ತಿದ್ದೆ, ಹಾಗೆಯೇ ಆಗಬೇಕು' ಎಂದಿದ್ದ ಅರಬಿ. ಅದಕ್ಕೆಂದೇ ಆ ಕಾಲದ ಟೇಪ್ ಪ್ಲೇಯರನ್ನು — ಪುಸ್ತಕದಷ್ಟು ದಪ್ಪ ಕ್ಯಾಸೆಟ್ ನುಂಗುವಂಥದ್ದು — ಅಮೆರಿಕದಿಂದಲೇ ತರಿಸಿದೆ.

ಡಬ್ಬ ಬಿಚ್ಚಿದಾಗ ನೀವು ಅದನ್ನು ಸವರಿ ನಕ್ಕಿರಿ.

"ಬಿ.ಕಾಂ. ಸಾರ್, ಇದು ಡ್ಯಾಶಿನ ಒಳಗೆ ಕೂರುವುದಲ್ಲ ಮಾರಾಯ್ರೆ. ಕಬ್ಬಿಣದ ಪಟ್ಟಿ ಹಾಕಿ ಡ್ಯಾಶಿನ ಕೆಳಗೆ ನೇತು ಹಾಕುವುದು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಎಷ್ಟು ಕಾರಿಗೆ ಹಾಕಿದ್ದೇನೆ ಗೊತ್ತುಂಟಾ?"

"ಡಬ್ಬದಲ್ಲಿ ಬಂದ ಹಾಳೆಯಲ್ಲಿ ಡ್ಯಾಶ್ ಕೊಯ್ಯಲಿಕ್ಕೆ ಬರೆದಿದೆ. ಇಂಗ್ಲಿಷ್ ಓದಲಿಕ್ಕೆ ಬರುವುದು ನಿಮಗಾ, ನನಗಾ?"

ಸುತ್ತಲಿದ್ದವರು ನಕ್ಕರು. ನೀವು ಗರಗಸ ತಂದು ಕೊಯ್ದಿರಿ.

ಹಾಳೆಯಲ್ಲಿ ನಾನು ಓದಿದ ಬದಿಯಲ್ಲಿದ್ದ ಚಿತ್ರ ಬೇರೆ ಕಾರಿನದ್ದು. ನಮ್ಮದರದ್ದು ಹಿಂಬದಿಯಲ್ಲಿತ್ತು — ಒಂದು ಪಟ್ಟಿ, ನಾಲ್ಕು ಸ್ಕ್ರೂ, ನೀವು ಹೇಳಿದ ಹಾಗೆಯೇ. ನಾನು ಮಗುಚಿ ನೋಡಿರಲಿಲ್ಲ.

ಅರಬಿ ಬಂದ. ಕೊಯ್ದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಯಾರು ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನೂ ಇಂಗ್ಲಿಷಿನಲ್ಲೇ ಹೇಳಿದೆ — ನಿಮಗೆ ತಿಳಿಯದಿರಲಿ ಎಂದೇ: "ಈ ಮುದುಕನಿಗೆ ಓದಲು ಬರುವುದಿಲ್ಲ. ನಾನು ಬೇಡವೆಂದರೂ ಕೇಳದೆ ಕೊಯ್ದ."

"ಖಲಾಸ್," ಅಂದ ಅರಬಿ, ನಿಮ್ಮತ್ತ ಕೈ ತೋರಿಸಿ. ಆ ಒಂದು ಮಾತು ಮಾತ್ರ ನಿಮಗೂ ಅರ್ಥವಾಯಿತು.

ಆ ವಾರವೇ ಗ್ಯಾರೇಜಿನ ಮಾಲಕ ನಿಮ್ಮ ವೀಸಾ ರದ್ದು ಮಾಡಿಸಿದ. ಹೊರಡುವಾಗ ನೀವು ನನ್ನ ಕೈ ಹಿಡಿದುಕೊಂಡಿರಿ. "ನನಗೋಸ್ಕರ ಅಷ್ಟು ಇಂಗ್ಲಿಷ್ ಮಾತಾಡಿದಿರಿ. ಅವ ಕೇಳದಿದ್ದರೆ ನೀವೇನು ಮಾಡ್ತೀರಿ?"

ನಾನು — ಹೂಂ ಅಂದೆ.

ಕೆಲಸ ಹೋದೀತೆಂದು ಹೆದರಿದ್ದೆ ಎಂದರೆ ಅದೂ ಸುಳ್ಳು. ಓದಿದವನೇ ತಪ್ಪು ಓದಿದ ಎಂದು ನಾಲ್ಕು ಜನ ನಗುವುದು ನನಗೆ ಬೇಡವಾಗಿತ್ತು, ಅಷ್ಟೇ. ಸುದ್ದಿ ನಿಮಗಿಂತ ಮೊದಲೇ ಊರು ಮುಟ್ಟಿತಂತೆ. ನಿಮ್ಮ ಮಗ ದುಡಿಯುವ ಗ್ಯಾರೇಜಿನಲ್ಲಿ ಇಂದಿಗೂ ಅವನನ್ನು 'ಅರಬಿಯ ಕಾರು ಹಾಳು ಮಾಡಿದವರ ಮಗ' ಎಂದು ಕೆಣಕುತ್ತಾರಂತೆ.

ಅರಬಿಗೆ ಮೊನ್ನೆ ನಿಜ ಹೇಳಿ ಬಂದೆ. ಬರುವ ವಾರ ಊರಿಗೆ ಹೊರಟಿದ್ದೇನೆ. ಮೊದಲು ನಿಮ್ಮ ಮಗನ ಗ್ಯಾರೇಜಿಗೆ ಹೋಗುತ್ತೇನೆ, ಎಲ್ಲರೂ ಕೆಲಸದಲ್ಲಿರುವ ಹೊತ್ತಿಗೆ. ನಿಮ್ಮಿಂದ ಆದ ತಪ್ಪು ಏನೂ ಇರಲಿಲ್ಲವೆಂದು ಅವರ ಮುಂದೆ ಹೇಳುತ್ತೇನೆ. ಆಮೇಲೆ ನಿಮ್ಮ ಮನೆಗೆ ಬರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ.