ನಿಧಾನದ ಭಾಷೆ

ಬಾಳೂರಿನ ಒಂದು ಎಸ್ಟೇಟಿನಲ್ಲಿ ನನ್ನ ಹೊಸ ಹಾಡಿನ ಶೂಟಿಂಗ್. ಕುಣಿಯೋ ಹಾಡು. ನಾನೇ ಬರೆದು, ಐದು ಭಾಷೆಗಳಲ್ಲಿ ನಾನೇ ಹಾಡಿದ್ದು. ಸ್ಪೀಕರಿನಲ್ಲಿ ಅದನ್ನು ಮತ್ತೆ ಮತ್ತೆ ಹಾಕುತ್ತಿದ್ದ ಹಾಗೆ, ಪಕ್ಕದಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದ ಹೆಂಗಸರೂ ತಾಳಕ್ಕೆ ತಲೆ ಆಡಿಸತೊಡಗಿದರು. ನನಗೆ ಒಳಗೊಳಗೇ ಹೆಮ್ಮೆ.

ಅಷ್ಟರಲ್ಲಿ ಎಸ್ಟೇಟಿನ ಒಡತಿ, ವಯಸ್ಸಾದವರು, ಬಂದು ಹಾಡು ನಿಲ್ಲಿಸು ಅಂದರು.

"ಚೆನ್ನಾಗಿಲ್ವಾ ಅಮ್ಮಾ?" ಎಂದೆ.

"ಚೆನ್ನಾಗಿರೋದೇ ತೊಂದ್ರೆ ಮಾರಾಯ್ತಿ! ಇಲ್ನೋಡು." ಒಬ್ಬಳ ಚೀಲದಿಂದ ಬೊಗಸೆ ತುಂಬ ತೆಗೆದು ತೋರಿಸಿದರು. ಕೆಂಪು ಹಣ್ಣಿನ ಜೊತೆ ಅರ್ಧಕ್ಕರ್ಧ ಹಸಿರು ಕಾಯಿ. "ನಿನ್ನ ಹಾಡಿನ ಜೊತೆ ಇವರ ಕೈಯೂ ಓಡ್ತದೆ. ಹಣ್ಣು ಯಾವ್ದು, ಕಾಯಿ ಯಾವ್ದು ಅಂತ ನೋಡೋಕೆ ಪುರುಸೊತ್ತೆಲ್ಲಿ?"

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ನಿಂತೆ. ಅವರೇ ಕನಿಕರಪಟ್ಟು ಕೇಳಿದರು: "ಐದು ಭಾಷೇಲಿ ಹಾಡಿದೀನಿ ಅಂತ ಬೆಳಿಗ್ಗೆ ಅಂದ್ಯಲ್ಲ, ಅದ್ರಲ್ಲಿ ನಿಧಾನದ ಭಾಷೆ ಯಾವ್ದು? ಅದನ್ನ ಹಾಕು."

ಎಲ್ಲದಕ್ಕೂ ತಾಳ ಒಂದೇ ಅಂತ ಗೊತ್ತಿದ್ದೂ ಕನ್ನಡ, ತುಳು, ಕೊಂಕಣಿ, ತಮಿಳು, ಹಿಂದಿ ಅಂತ ಒಂದೊಂದನ್ನೇ ಮನಸ್ಸಿನಲ್ಲಿ ಹಾಡಿ ನೋಡಿದೆ. ಒಂದೂ ನಿಧಾನ ಆಗಲಿಲ್ಲ. ಕೊನೆಗೆ ಸ್ಪೀಕರ್ ಬಂದ್ ಮಾಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಸದ್ದೇ ಇಲ್ಲದ ತೋಟದಲ್ಲಿ ಒಬ್ಬಳೇ ಕುಣಿಯತೊಡಗಿದೆ.

ಹೆಂಗಸರೆಲ್ಲ ಕುಯ್ಯೋದನ್ನೇ ಬಿಟ್ಟು, ಇವಳಿಗೇನಾಯ್ತು ಅಂತ ನನ್ನನ್ನೇ ನೋಡುತ್ತ ನಿಂತುಬಿಟ್ಟರು.

ಒಡತಿ ಮತ್ತೆ ಬಂದರು. "ಹಾಡೇ ಹಾಕು ಮಾರಾಯ್ತಿ."

ಯಾವ ಭಾಷೆಯದು ಅಂತ ಈ ಸಲ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.